ಇಪ್ಪತ್ತಕ್ಕೆ ನಿಂತ ಜೋಗುಳ

ಗದಗ
ಬಿಸಿಲುಶಕ ೬೨, ಮೂರನೆಯ ಮೋಡದಿನ

ನನ್ನ ಅಜ್ಜಿಯ ಅಜ್ಜಿಯಾದ ಫಕೀರವ್ವನವರಿಗೆ, ತೇಜವ್ವನ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕುವ ಶ್ರಮ ಬೇಡ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮದೂ ನಮಗೆ ಹಾಗೆಯೇ ಕೇಳಿಸುತ್ತದೆ.

ನಮ್ಮಲ್ಲಿ ಯಾರೂ ಏನನ್ನೂ ಚಾರ್ಜ್ ಮಾಡುವುದಿಲ್ಲ. ಮನೆಯ ಗೋಡೆಗಳೇ ಹಗಲೆಲ್ಲ ಬಿಸಿಲು ಕುಡಿದು, ರೊಟ್ಟಿಯ ಹಂಚಿನಿಂದ ಹಿಡಿದು ದೀಪದವರೆಗೆ ಎಲ್ಲವನ್ನೂ ನಡೆಸುತ್ತವೆ. ಅವಕ್ಕೆ ಕುಡಿಗೋಡೆ ಎನ್ನುತ್ತೇವೆ. ಹೀಗಾಗಿ ಜೋಪಾನ ಮಾಡುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ. ನಿಮ್ಮ ಕಾಲದ ಲ್ಯಾಪ್‌ಟಾಪುಗಳು ಪಾಯ ತೋಡುವಾಗ ಸಿಗುತ್ತವೆ, ಎಲ್ಲವೂ ಬ್ಯಾಟರಿ ಉಬ್ಬಿ ಸತ್ತವು. ಬದುಕಿರುವುದು ನಿಮ್ಮದೊಂದೇ. ನೋಡಲು ಹುಬ್ಬಳ್ಳಿಯಿಂದಲೂ ಜನ ಬರುತ್ತಾರೆ, ಬಂದವರೆದುರು ನಾನು ಸ್ವಲ್ಪ ಜಂಬ ಕೊಚ್ಚಿಕೊಳ್ಳುವುದೂ ಉಂಟು.

ಬಸ್ ಸ್ಟ್ಯಾಂಡಿನ ಎದುರು ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದ ನೀವು ಅದರ ಮುಚ್ಚಳಕ್ಕೆ ಅಂಟಿಸಿದ ಚೀಟಿ ಹಾಗೆಯೇ ಇದೆ: "ಎಂಬತ್ತಕ್ಕ ವೈರ್ ತಗೀರಿ, ಇಪ್ಪತ್ತಕ್ಕ ಹಚ್ಚರಿ. ಹಾಸಿಗಿ ಮ್ಯಾಲಿಟ್ಟು ಚಾರ್ಜಿಗೆ ಹಾಕಬ್ಯಾಡ್ರಿ, ಕಾಯತೈತಿ. ಬಾಳ ದಿನ ಮುಚ್ಚಿಡೋದಿದ್ರ ಅರ್ಧಾ ತುಂಬಿಸಿ ತಂಪಿನ್ಯಾಗ ಇಡ್ರಿ. ಸುಮ್ಮಸುಮ್ಮನ ತೆರದು ನೋಡಬ್ಯಾಡ್ರಿ."

ನಿಮ್ಮ ಮೊಮ್ಮಗಳು ಇಂಚರ, ಅಂದರೆ ನನ್ನ ಅಜ್ಜಿ, ಎಪ್ಪತ್ತು ವರ್ಷ ಇದನ್ನು ಅಕ್ಷರಶಃ ಪಾಲಿಸಿದ್ದಾರೆ. ತಣ್ಗೂಡು ಎಂದು ನಾವು ಕರೆಯುವ ಒಣ ಮಣ್ಣಿನ ಕಪಾಟಿನಿಂದ ಮೂರು ತಿಂಗಳಿಗೊಮ್ಮೆ ಅದನ್ನು ಇಳಿಸಿ, ಏಳು ಸಲ ದುರಸ್ತಿಯಾದ ವೈರನ್ನು ಹಚ್ಚಿ, ಪರದೆಯ ಮೂಲೆಯಲ್ಲಿ ಐವತ್ತು ಕಂಡ ತಕ್ಷಣ ಮುಚ್ಚಿಬಿಡುತ್ತಾರೆ. ಒಳಗೇನಿದೆ ಎಂದು ಒಮ್ಮೆಯೂ ನೋಡಿದವರಲ್ಲ. ಬೇಡ ಎಂದಿದ್ದೀರಲ್ಲ.

ನನಗೆ ಅಷ್ಟು ವಿಧೇಯತೆ ಇಲ್ಲ. ಕಳೆದ ವಾರ ತೆರೆದೇ ಬಿಟ್ಟೆ. ನೂರಾರು ಲಗ್ನಪತ್ರಿಕೆಗಳ ನಡುವೆ ಅಜ್ಜಿಗೆಂದೇ 'ಇಂಚರಾಗ' ಎಂದು ನೀವು ಹೆಸರಿಟ್ಟ ಒಂದು ವಿಡಿಯೋ ಇತ್ತು. ತೊಡೆಯ ಮೇಲೆ ಕೂಸನ್ನು ಹಾಕಿಕೊಂಡು ನೀವೇ ಕಟ್ಟಿದ ಜೋಗುಳ ಹಾಡುತ್ತಿದ್ದಿರಿ. ಮೂರು ನುಡಿ ಮುಗಿಸಿ, ಪರದೆಯ ಮೂಲೆ ನೋಡಿ ಹೇಳಿದಿರಿ: "ಕರೆಂಟ್ ಇಲ್ಲ, ಇಪ್ಪತ್ತಕ್ಕ ಬಂತು. ನಿನ್ನ ಹೆಸರು ಬರೂದು ಕಡೀ ನುಡಿಯೊಳಗ. ನಾಳಿ ಹಾಡ್ತೀನಿ." ವಿಡಿಯೋ ಅಲ್ಲಿಗೆ ನಿಂತಿತು. ನಾಳೆಯದು ಎಲ್ಲಿಯೂ ಇಲ್ಲ, ಎರಡು ದಿನ ಹುಡುಕಿದೆ.

ನನಗೆ ಸಿಟ್ಟು ಬಂತು. ಅಜ್ಜಿ ಮಾತ್ರ, "ಬರೋಬ್ಬರಿ ನಿಲ್ಲಿಸ್ಯಾಳ. ಅದಕ್ಕ ಇದು ಇನ್ನೂ ಜೀವ ಹಿಡಕೊಂಡೈತಿ" ಎಂದರು. ನಿಜವೇ. ನೀವು ಅಷ್ಟು ಶಿಸ್ತಿನವರಾಗಿರದಿದ್ದರೆ ಆ ಮೂರು ನುಡಿಯೂ ನಮಗೆ ದಕ್ಕುತ್ತಿರಲಿಲ್ಲ. ನಿಮ್ಮ ಬಗ್ಗೆ ನನಗೆ ಹೆಮ್ಮೆ. ಆದರೆ ಅಂದಿನಿಂದ ಅಜ್ಜಿ ದಿನವೂ ಅದರ ಮುಂದೆ ಬಂದು ಕೂರುತ್ತಾರೆ.

ದೂರಬೇಕೆಂದು ಈ ಕಾಗದ ಶುರು ಮಾಡಿದೆ. ದೂರುವುದಿಲ್ಲ. ಇಪ್ಪತ್ತಕ್ಕೇ ನಿಲ್ಲಿಸಿ. ಕರೆಂಟು ಬಂದ ಮೇಲೆ ಎಂಬತ್ತರವರೆಗೆ ತುಂಬಿಸಿ. ಆ ನಾಳೆಯನ್ನು ಮಾತ್ರ ಮರೆಯಬೇಡಿ. ನಿಮ್ಮ ಕೂಸಿಗೆ ಈಗ ತೊಂಬತ್ತೊಂದು ವರ್ಷ, ಇನ್ನೂ ಮಲಗದೆ ಕೂತಿದೆ.

ನಿಮ್ಮ ಮೊಮ್ಮಗಳ ಮೊಮ್ಮಗಳು,
ತೇಜವ್ವ