ಸೈರಣೆ ಹನಿಗೆ ನನ್ನ ಹೆಬ್ಬೆಟ್ಟಿಲ್ಲ

ಹೊಸಕಟ್ಟಿ, ಮಲಪ್ರಭೆಯ ದಂಡೆ
ಫೆಬ್ರವರಿ 30, 2187

ನಮ್ಮ ಅಜ್ಜಂದಿರ ಅಜ್ಜಂದಿರಿಗೆ, ಅಜ್ಜಿಯರ ಅಜ್ಜಿಯರಿಗೆ, ಫಕೀರೇಶ ಕಮ್ಮಾರನ ಶರಣು.

ತಾರೀಕು ನೋಡಿ ಬೆಚ್ಚಬೇಡಿ. ನಮ್ಮ ಕಾಲದಲ್ಲಿ ಪಂಚಾಂಗ ತಿದ್ದಿ ಆಗಿದೆ. ಮನುಷ್ಯರನ್ನು ತಿದ್ದುವ ಕೆಲಸ ಈಗ ಶುರುವಾಗಿದೆ. ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ, ಜೊತೆಜೊತೆಗೇ ಬಿಡಿಸಿ ಹೇಳುತ್ತೇನೆ.

ನಾನು ಊರಿನ ಪ್ರಯೋಗಶಾಲೆಯಲ್ಲಿ ಔಷಧ ಮಾಡುವವನು. ನಮ್ಮಲ್ಲಿ ‘ಮೊದಲ ಗುಟುಕು’ ಎಂಬ ಕಟ್ಟಳೆಯಿದೆ: ಕಂಡುಹಿಡಿದವರು ಮೊದಲು ಉಂಡು ನೋಡಲಿ. ಯಾವ ಹೊಸ ಔಷಧವನ್ನೇ ಆಗಲಿ, ಅದನ್ನು ಮಾಡಿದವರು ಒಂದು ವರ್ಷ, ದಿನಾ ಬೆಳಿಗ್ಗೆ ಊರಕಟ್ಟೆಯ ಮೇಲೆ ನಾಲ್ಕು ಜನರೆದುರು ಕುಡಿಯಬೇಕು. ಆಮೇಲೆ ಮಾಡಿದವರೇ ಹೆಬ್ಬೆಟ್ಟು ಒತ್ತಿದರೆ ಮಾತ್ರ ಅದು ಊರಿಗೆ. ರೊಟ್ಟಿ ಮಾರುವವರು ನಿಂತು ನೋಡಿ, ‘ಸಾಹೇಬ್ರು ಇನ್ನೂ ಅದಾರ’ ಎಂದು ನಕ್ಕು ಹೋಗುತ್ತಾರೆ.

ನಾನು ಮಾಡಿದ್ದು ‘ಸೈರಣೆ’. ನೀರಿಗೆ ಎರಡು ಹನಿ ಬಿದ್ದರೆ ಸಿಟ್ಟು ಇಳಿಯುತ್ತದೆ. ಕುಡಿದು ಬಂದು ಹೆಂಡತಿಯ ಮೇಲೆ ಕೈಮಾಡುವವರಿಗೆಂದು ಮಾಡಿದ್ದೆ. ಎಂಟು ತಿಂಗಳು ನಾನೇ ಕುಡಿದೆ. ರಕ್ತದೊತ್ತಡ ಸರಿ, ಹೊಟ್ಟೆ ಸರಿ ಎಂದು ಹೆಮ್ಮೆಯಿಂದ ವರದಿ ಬರೆದೆ.

ಒಂಬತ್ತನೆಯ ತಿಂಗಳು ಜಲಮಂಡಳಿಯವರು ಊರಿಗೆ ದಿನಕ್ಕೆ ಒಂದೇ ಗಂಟೆ ನೀರು ಬಿಡತೊಡಗಿದರು. ನೀರಿನ ಸರದಿಯಲ್ಲಿದ್ದ ನನ್ನ ಮಗಳು ಸಾವಂತ್ರಿ ಯಾಕೆಂದು ಕೇಳಿದ್ದಕ್ಕೆ ಕಾವಲುಗಾರ ತಳ್ಳಿದ; ಕೈ ಮುರಿಯಿತು. ನಾನು ಅಲ್ಲೇ ಇದ್ದೆ. ‘ಬಿಸಿಲಾಗ ದಣದೀರಿ, ಕುಂದರ್ರಿ’ ಎಂದು ಅವನಿಗೇ ಉಪಚಾರ ಹೇಳಿದೆ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಮೇಲೆ ಸಾವಂತ್ರಿ ಕೇಳಿದಳು: ‘ಅಪ್ಪಾ, ಕೈ ಮುರದದ್ದು ನಂದು. ನೀ ಅವಂಗ್ಯಾಕ ಕುಂದರ್ರಿ ಅಂದಿ?’

ಮರುದಿನದಿಂದ ಕುಡಿಯುವುದು ಬಿಟ್ಟೆ. ಸಿಟ್ಟು ಮರಳಲು ಹನ್ನೊಂದು ದಿನ ಹಿಡಿಯಿತು. ಬಂದ ದಿನ ನೆಂಟರು ಬಂದಷ್ಟು ಸಂತೋಷವಾಯಿತು.

ಈಗ ಊರು ನೀರು ಕೇಳಿ ರಸ್ತೆಗಿಳಿದಿದೆ. ಜಲಮಂಡಳಿಗೆ ಹೊಸ ನೀರು ತರುವುದಕ್ಕಿಂತ ಇದ್ದ ನೀರಿಗೆ ಸೈರಣೆ ಬೆರೆಸುವುದು ಹಗುರ. ಮಂಡಳಿಯ ಅಧ್ಯಕ್ಷರು ನನ್ನನ್ನು ಕರೆಸಿದರು. ‘ವರ್ಷ ತುಂಬೂದು ಬ್ಯಾಡ, ತುರ್ತೈತಿ. ನಿನ್ನ ಕೆಲಸ ಔಷಧ ಮಾಡೂದು ಫಕೀರೇಶ. ಯಾರಿಗೆ ಕುಡಸಬೇಕು ಅನ್ನೂದು ನಮಗ ಬಿಡು.’

‘ಹಂಗಾದ್ರ ಮೊದಲು ನೀವು ಕುಡೀರಿ ಸರ್,’ ಎಂದೆ.

‘ನಾವೂ ಕುಡದ್ರ ಆಡಳಿತ ಯಾರು ಮಾಡೂದು?’

ನಾಳೆ ಹತ್ತಕ್ಕೆ ಹೆಬ್ಬೆಟ್ಟು ಒತ್ತಬೇಕಂತೆ. ಒತ್ತುವುದಿಲ್ಲ. ಹುದ್ದೆ ಹೋದೀತು, ನಿದ್ದೆ ಹೋಗುವುದಿಲ್ಲ. ವರದಿಗೆ ಒಂದು ಸಾಲು ಸೇರಿಸಿದ್ದೇನೆ: ‘ಮಗಳ ಕೈ ಮುರಿದಾಗ ತಂದೆಗೆ ಏನೂ ಅನಿಸಲಿಲ್ಲ.’ ಅದನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಓದುತ್ತೇನೆ. ಆಮೇಲೂ ಬೆರೆಸುವವರು ಊರಿನ ಕಣ್ಣೆದುರೇ ಬೆರೆಸಲಿ.

‘ಮಾಡಿದ್ದಷ್ಟೇ ನಾನು, ಬಳಸಿದವರು ಬೇರೆ’ ಎಂಬ ಮಾತು ನಿಮ್ಮ ಕಾಲದಿಂದಲೇ ನಡೆದುಬಂದಿದೆ. ನಾನೂ ಎಷ್ಟೋ ಸಲ ಆಡಿದ್ದೇನೆ. ನಿಮ್ಮಲ್ಲಿ ಯಾರಾದರೂ ಕೈಯಲ್ಲೊಂದು ಸೀಸೆ ಹಿಡಿದು, ಕೊಡಲೋ ಬೇಡವೋ ಎಂದು ನಿಂತಿದ್ದರೆ, ಕೊಡುವುದಿಲ್ಲ ಎಂದು ಇವತ್ತೇ ಹೇಳಿಬಿಡಿ. ನಾಳೆ ನಾನು ಹೇಳುವಾಗ ಗಂಟಲು ಅಷ್ಟು ಒಣಗದು.