ನೀರಿನೊಳಗಿನ ಬಲ್ಬುಗಳು

ನ. 10, ಸೋಮವಾರ
ತದಡಿ ಬಸ್ಸು ಇಂದೂ ತಡ. ಪ್ರಾರ್ಥನೆ ತಪ್ಪಿತು. ಹೆಡ್‌ಮಾಸ್ತರು ಗುರುದತ್ತರು ಗಡಿಯಾರ ನೋಡಿದರು. ನಾನು ಕಲಿಸುವ ಮೂರನೇ ಕ್ಲಾಸಿಗೆ ಟ್ಯಾಬ್ ಪಾಳಿ. ಬೆರಳಲ್ಲಿ ಚಿತ್ರ ಬಿಡಿಸು, ಅದರ ಕಥೆ ಹೇಳಿ ರೆಕಾರ್ಡ್ ಮಾಡು, ಆಮೇಲೆ ಕೆಳಗೆ ಬರೆ — ಆಪ್ ಇಷ್ಟೇ. ಪುಸ್ತಕ ಕಂಡರೆ ಮೂಲೆ ಸೇರುವ ನೀಲಾ ಇದರ ಮುಂದೆ ಕೂತರೆ ಏಳುವುದಿಲ್ಲ. ಬರೆಯುವುದು ಮಾತ್ರ... ಊಹೂಂ.

ನ. 12, ಬುಧವಾರ
ನೀಲಾ ಬರೆದಳು! ತಾನಾಗಿಯೇ! ಕೆಂಪು ಪಟ್ಟೆಯ ಬೋಟು, ಹಳದಿ ಬಾವುಟ. ನೀರಿನೊಳಗೆ ಸಾಲಾಗಿ ಉರಿಯುವ ಬಲ್ಬುಗಳು, ಸುತ್ತ ಮೀನೋ ಮೀನು. ಕೆಳಗೆ ಸೊಟ್ಟ ಅಕ್ಷರದಲ್ಲಿ — ಅಪ್ಪನ ಬೋಟು. ರೆಕಾರ್ಡಿನಲ್ಲಿ: “ಅಪ್ಪ ಲೈಟ್ ನೀರಿಗೆ ಬಿಡ್ತಾನೆ. ಮೀನೆಲ್ಲ ಓಡಿ ಬತ್ತದೆ.”
ನೀರಿನೊಳಗೆ ದೀಪ! ಕಾಗಾಲದ ಗದ್ದೆಯಂಚಿನಲ್ಲಿ ಬೆಳೆದ ನನಗೆ ಹೊಳೆಯುವ ಮಾತೇ ಅಲ್ಲ. ಕಣ್ಣು ತುಂಬಿ ಬಂತು. ಪಾಲಕರ ಗ್ರೂಪಿಗೆ ಹಾಕಿದೆ. “ನಮ್ಮ ನೀಲಾಳ ಕಲ್ಪನಾಶಕ್ತಿ” ಎಂದು ಬರೆದೆ.

ಅದೇ ದಿನ, ಸಂಜೆ
ದಿನಾ ಹೆಬ್ಬೆರಳು ಸುರಿಸುವ ಗ್ರೂಪು. ಇವತ್ತು ಒಂದೂ ಇಲ್ಲ. ಕೊನೆಗೆ ಸಣ್ಣ ನಾಡದೋಣಿಯಲ್ಲಿ ಮೀನು ಹಿಡಿಯುವ ಪಾಲಕ ಉದಯ ಬರೆದ: “ಇದು ಕಲ್ಪನೆ ಅಲ್ಲ ಅಕ್ಕೋರೆ. ಬೋಟು ಯಾರದು ಅಂತ ಊರಿಗೇ ಗೊತ್ತು. ಸಾಕ್ಷಿ ಬೇಕಿತ್ತು, ಸಿಕ್ತು.”
ಹೆಡ್‌ಮಾಸ್ತರ ಫೋನು. “ಎಂತ ಮಾಡಿಟ್ರಿ ವಿನುತಾ? ಲೈಟ್ ಬಿಟ್ಟು ಮೀನು ಹಿಡಿಯೂದು ಸರ್ಕಾರದಿಂದ ಬಂದ್ ಅದೆ. ದೊಡ್ಡ ಬೋಟು ಮೀನೆಲ್ಲ ಬಾಚ್ಕಂಡು ಹೋತದೆ ಅಂತ ನಾಡದೋಣಿಯವ್ರು ಹಲ್ಲು ಕಡೀತಾ ಇದ್ದಾರೆ. ಅದು ಶಾಂತಾರಾಮಣ್ಣನ ಬೋಟು!”
ಶಾಂತಾರಾಮ. ನಮ್ಮ ಶಾಲಾ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಅಧ್ಯಕ್ಷರು. ಟ್ಯಾಬ್ ಕೊಡಿಸಿದವರೂ ಅವರೇ. ನೀಲಾಳ ಅಪ್ಪ ದುರ್ಗಪ್ಪ ಅವರ ಬೋಟಿನಲ್ಲಿ ಕೆಲಸಕ್ಕಿರುವವನು.
ಡಿಲೀಟ್ ಮಾಡಿದೆ. ಅಳಿಸಿ ಏನು ಬಂತು, ಎಲ್ಲರೂ ನೋಡಿಯಾಗಿದೆ.

ನ. 13, ಗುರುವಾರ
ನೀಲಾ ಬಂದಿಲ್ಲ. ಶಾಂತಾರಾಮರು ಬಂದರು. ಕೂತರು, ಚಾ ಕುಡಿದರು, ನಕ್ಕರು. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.
“ಅಕ್ಕೋರೆ, ಮಕ್ಳಿಗೆ ಹೂವು ಹಣ್ಣು ಬಿಡಿಸೂಕೆ ಕಲಿಸಿ. ಆತಾ?”
“ಆತು” ಅಂದೆ. ಛೀ, ಎಷ್ಟು ಬೇಗ ಅಂದೆ!
ಏಳುವಾಗ, “ದುರ್ಗಪ್ಪನ ಹತ್ರ ನಾ ಮಾತಾಡ್ತೆ” ಅಂದರು.

ನ. 18, ಮಂಗಳವಾರ
ನೀಲಾ ಇಲ್ಲ. ಅವಳ ಮನೆಗೆಂದು ಹೊರಟು ಅರ್ಧ ದಾರಿಯಿಂದ ತಿರುಗಿ ಬಂದೆ. ಬಂದರಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದಂತೆ...
ಬಸ್ಸಿನಲ್ಲಿ, ಮೀನು ಮಾರುವ ಗಣಪಿ ನನ್ನ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು. “ದುರ್ಗಪ್ಪಂಗೆ ಹೊಡ್ದಾರಂತೆ. ಯಾರು ಅಂತ ಮಾತ್ರ ಕೇಳ್ಬೇಡಿ ಅಕ್ಕೋರೆ.”
ಹೊಡೆಯಲು ನಾಡದೋಣಿಯವರಿಗೂ ಕಾರಣವಿದೆ, ಶಾಂತಾರಾಮರ ಕಡೆಯವರಿಗೂ ಇದೆ. ಒದಗಿಸಿದವಳು ನಾನು.

ಡಿ. 1, ಸೋಮವಾರ, ಮಧ್ಯಾಹ್ನ, ಶಾಲೆಯಲ್ಲಿ
ಬಂದಳು! ತಬ್ಬಿಕೊಳ್ಳಬೇಕೆನಿಸಿತು, ಧೈರ್ಯ ಬರಲಿಲ್ಲ. ಹೂವು ಬಿಡಿಸು ಅಂದೆ. ಕೇಳಿಸಿಕೊಳ್ಳಲೇ ಇಲ್ಲ. ಬಿಡಿಸಿದ್ದು ಮನೆ. ಚಾಪೆಯ ಮೇಲೆ ಅಪ್ಪ, ಕೈಗೆ ಬಿಳಿ ಪಟ್ಟಿ. ಬಾಗಿಲಲ್ಲಿ ಒಬ್ಬ ಗಂಡಸು. ಮುಖವಿಲ್ಲ.
ಬೆರಳು ಬರೆಯುವ ಜಾಗಕ್ಕೆ ಬಂದು ನಿಂತಿತು.
“ಇವ ಯಾರು ಅಂತ ಬರೆಯೂಕೆ ನಂಗೆ ಬತ್ತದೆ ಅಕ್ಕೋರೆ. ಮನೇಲಿ ಕಲ್ತೆ. ಬರೀಲಾ?”
ಒಂದು ಹೆಸರು ಬರೆಯಲು ಮನೆಯಲ್ಲಿ ಕೂತು ಅಕ್ಷರ ಕಲಿತಿದ್ದಾಳೆ. ಇದಕ್ಕೇ ಅಲ್ಲವೇ ನಾನು ಕಾದದ್ದು? ಊಟ ಮುಗಿಸಿ ಬಾ, ಹೇಳುತ್ತೇನೆ ಅಂದೆ.
ಆಫೀಸಿನಲ್ಲಿ ಶಾಂತಾರಾಮರ ನಗು ಕೇಳುತ್ತಿದೆ. ಡೈರಿ ಬರೆಯುವ ನೆಪದಲ್ಲಿ ತಲೆ ತಗ್ಗಿಸಿ ಕೂತಿದ್ದೇನೆ. ನೀಲಾ ಕೈ ತೊಳೆದಳು. ಲಂಗಕ್ಕೆ ಒರೆಸಿಕೊಂಡಳು. ಟ್ಯಾಬ್ ಎದೆಗವಚಿಕೊಂಡು ಇತ್ತಲೇ ಬರುತ್ತಿದ್ದಾಳೆ, ಬರೆ ಅನ್ನಲೇ, ಬೇಡ ಅನ್ನಲೇ, ನಾನು ಏನು —