ಮೇಜಿನ ಮೇಲೆ ಎರಡು ಡಬ್ಬಿ

ಮೊಂಟಾನಾ, ಬುಧವಾರ

ಪ್ರೀತಿಯ ಮಾವ,

ಶನಿವಾರ ಕೋಲ್ಟನ್ ಎಲ್ಕ್ ಜಿಂಕೆಯ ಬೇಟೆಗೆ ಹೊರಟಿದ್ದಾನೆ. ನೀವು ಕೈಯಾರೆ ಮದ್ದು ತುಂಬಿಕೊಟ್ಟ ತೋಟಾಗಳನ್ನೇ ಒಯ್ಯುತ್ತಾನಂತೆ. ಮಗು ಟೆಸ್ಸ ಹಾಲು ಕುಡಿದು ಮಲಗಿದರೂ ನನಗೆ ನಿದ್ದೆಯಿಲ್ಲ.

"ಮೇಜಿನ ಮೇಲೆ ಯಾವಾಗ್ಲೂ ಮದ್ದಿನ ಡಬ್ಬಿ ಒಂದೇ ಇರ್ಬೇಕು ಕಣಮ್ಮಾ. ತಪ್ಪು ಮದ್ದು ಬಿದ್ರೆ ಬಂದೂಕು ಮುಖಕ್ಕೇ ಸಿಡಿಯುತ್ತೆ" ಎಂದು ನನಗೆ ಹೇಳಿಕೊಟ್ಟವರು ನೀವೇ. ಭಾನುವಾರ ನೀವು ಈ ತೋಟಾಗಳನ್ನು ತುಂಬುವಾಗ ಮೇಜಿನ ಮೇಲೆ ಎರಡು ಡಬ್ಬಿಗಳು ತೆರೆದಿದ್ದವು. ಒಂದು ಬೇಟೆಯ ರೈಫಲ್ಲಿನ ಮದ್ದು, ಇನ್ನೊಂದು ಪಿಸ್ತೂಲಿನ ಮದ್ದು. ನನ್ನನ್ನು ಕಂಡು, ತೀರಿಹೋದ ಅತ್ತೆಯೆಂದುಕೊಂಡು, "ಆರ್ಲೀನ್, ಕಾಫಿ ಆಯ್ತೇನೇ?" ಎಂದಿರಿ. ನಾನು ಕಾಫಿ ತಂದುಕೊಟ್ಟೆ.

ಡಬ್ಬಿಗಳ ವಿಷಯ ಹೇಳಿದರೆ ಕೋಲ್ಟನ್ ನಕ್ಕುಬಿಟ್ಟ. "ನಮ್ಮಪ್ಪನ ತೋಟಾ ನಂಬದೋರು ಕವಣೆ ತಗೊಂಡು ಬೇಟೆಗೆ ಹೋಗ್ಲಿ ಬಿಡೇ!"

ಹಾಗಾಗಿ ನಿಮ್ಮ ತೋಟಾಗಳ ಪೆಟ್ಟಿಗೆಯನ್ನು ಅಡಗಿಸಿಟ್ಟು, ಅಂಗಡಿಯ ತೋಟಾ ತಂದಿದ್ದೇನೆ. ನೀವೇ ಇನ್ನೊಮ್ಮೆ ತೂಗಿ ನೋಡಲು ಪೆಟ್ಟಿಗೆ ವಾಪಸ್ ಒಯ್ದಿರೆಂದು ಅವನಿಗೆ ಸುಳ್ಳು ಹೇಳಿದ್ದೇನೆ. ಅವನು ಫೋನ್ ಮಾಡಿ ಕೇಳುತ್ತಾನೆ. "ಹೌದು, ನಾನೇ ತಗೊಂಡೆ" ಎನ್ನಿ, ಅಷ್ಟು ಸಾಕು. ನಿಮ್ಮ ಬಗ್ಗೆ ಬೇರೇನನ್ನೂ ನಾನು ಅವನಿಗೆ ಹೇಳಿಲ್ಲ.

ಈ ಪತ್ರವನ್ನು ಫೋನಿನ ಪಕ್ಕದಲ್ಲೇ, ಕಣ್ಣಿಗೆ ಬೀಳುವ ಹಾಗೆ ಅಂಟಿಸಿಕೊಳ್ಳಿ, ಮಾವ.

ನಿಮ್ಮ ಸೊಸೆ,
ಕೆಲ್ಸಿ